ಹೊಸ ಶಿಕ್ಷಕನ ಮೊದಲ ಪಾಠ

(ಶಿಕ್ಷಕ-ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಕೀಲಿ ಮಾಡುವವರನ್ನು ಶಿಕ್ಷಕರ ಸಭೆಗೆ ಕರೆಯುವದು ಅಪರೂಪವಾದ ಸಂಗತಿ. ಮಾತಿಗೆ ಇಷ್ಟೆಂದು ಹಣ ತೆಗೆದುಕೊಳ್ಳುವವರು, ಸಂಬಳದ ಲೆಕ್ಕವನ್ನು ಮರೆತು ದಿನವಿಡೀ ಮಾತನಾಡುವವರಿಗೆ ಉಪದೇಶ ಮಾಡುವದು ಶೋಭಿಸುವ ಮಾತಲ್ಲ. ಆದುದರಿಂದ ಇಂದು ನಾವು ಉಪದೇಶಕ್ಕೆ ನಿಂತಿಲ್ಲ. ಒಂದು ತಪ್ಪೊಪ್ಪಿಗೆಗೆ ನಿಂತಿದ್ದೇವೆ. ನ್ಯಾಯಾಲಯದಲ್ಲಿ ಪರರ ತಪ್ಪೊಪ್ಪಿಗೆಗಳನ್ನು ಅನೇಕ ಸಲ ಓದಿ ಹೇಳಿದ್ದೇವೆ. ನಮ್ಮದನ್ನು ಬಹಿರಂಗವಾಗಿ ಹೇಳುವದು ಇದೇ ಮೊದಲು.

ಕಾನೂನಿನ ಪುಸ್ತಕ ಹಿಡಿಯುವ ಮುಂಚೆ ಒಂದು ವರುಷ ನಾವೂ ನಿಮ್ಮಂತೆ ಶಿಕ್ಷಕ-ವಿದ್ಯಾರ್ಥಿಗಳಾಗಿದ್ದೆವು. ಅದು 2002ನೆಯ ಇಸವಿ. ಆಗ ಬಿ.ಎಡ್. ಅಭ್ಯಾಸವು ಒಂದೇ ವರುಷದ್ದು. ಮುಂದೆ 2014ರಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಮಾಡಿದ ನಿಯಮಗಳಿಂದ ಅದು ಎರಡು ವರುಷದ್ದಾಯಿತು. ಶಾಲೆಯಲ್ಲಿಯೇ ಇದ್ದು ಕಲಿಯುವದಕ್ಕೆ ಕನಿಷ್ಠ 20 ವಾರಗಳು ಗೊತ್ತಾದವು. ನಮಗೆ ದೊರೆತದ್ದು ಕೆಲವೇ ವಾರ. ತಪ್ಪು ಮಾಡುವದಕ್ಕೆ ಸಾಕಾಗುವಷ್ಟು, ತಿದ್ದಿಕೊಳ್ಳುವದಕ್ಕೆ ಸಾಲದಷ್ಟು.

ಗುಜರಾತದ ಗಿಜುಭಾಯಿ ಬಧೇಕಾ ಅವರ ಹೆಸರನ್ನು ನೀವು ಕೇಳಿರುವಿರಿ. ಅವರು ಮೊದಲು ವಕೀಲರಾಗಿದ್ದು, ಆ ವೃತ್ತಿಯನ್ನು ಬಿಟ್ಟು ಮಕ್ಕಳ ಕಡೆಗೆ ಬಂದರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ನಾವು ಅದೇ ದಾರಿಯಲ್ಲಿ ಹಿಂದುಮುಂದಾಗಿ ನಡೆದವರು. ಅವರ ‘ದಿವಾಸ್ವಪ್ನ’ವೆಂಬ ಪುಸ್ತಕದ ಶಿಕ್ಷಕನು ಮೊದಲ ದಿನ ಮಕ್ಕಳಿಂದ ಶಾಂತಿಯ ಆಟವಾಡಿಸಹೋಗಿ ಗದ್ದಲದಲ್ಲಿ ಸಿಕ್ಕಿಬೀಳುತ್ತಾನೆ. ನಮಗೆ ಆದದ್ದು ಅದಕ್ಕೆ ವಿರುದ್ಧ. ನಮಗೆ ಮೊದಲ ದಿನವೇ ಪೂರ್ಣ ಶಾಂತಿ ದೊರೆಯಿತು. ಅದೇ ನಮ್ಮ ಸೋಲು. ಅದು ಹೇಗೆಂಬದನ್ನು ಹೇಳುವೆವು.

ನಮ್ಮನ್ನು ಕಳುಹಿಸಿದ್ದು ಗದಗ ಸೀಮೆಯ ಒಂದು ಹಳ್ಳಿಗೆ. ಆ ಊರಿನ ಒಂದು ಮಗ್ಗುಲಿಗೆ ಕಣ್ಣು ಹರಿಯುವ ತನಕ ಎರೆಯ ಹೊಲಗಳು. ಕಪ್ಪತಗುಡ್ಡದ ದಿಕ್ಕಿಗೆ ಮಸಾರಿ. ಸರಕಾರದ ಕಾಗದದಲ್ಲಿ ಅದು ಹಿರಿಯ ಪ್ರಾಥಮಿಕ ಶಾಲೆ. ಊರವರ ಬಾಯಲ್ಲಿ ‘ಕನ್ನಡ ಸಾಲಿ’. ಮುಂಬಯಿ ಪ್ರಾಂತದ ಕಾಲದಲ್ಲಿ ಇಂಥ ಶಾಲೆಗಳಲ್ಲಿ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಇರುತ್ತಿತ್ತು. ಅದರಲ್ಲಿ ತೇರ್ಗಡೆಯಾದವನು ತಾನೇ ಸಾಲಿ ಮಾಸ್ತರನಾಗಬಹುದಾಗಿತ್ತು. ಆ ಮಾನವನ್ನು ಕಂಡಿದ್ದ ಏಳನೆಯ ತರಗತಿಗೇ ನಮ್ಮ ಮೊದಲ ಪಾಠ ಗೊತ್ತಾಗಿತ್ತು.

ನಮಗಾಗ ಇಪ್ಪತ್ತೆರಡು ವರುಷ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಬಣ್ಣದ ನಕಾಶೆ, ಕೈಯಲ್ಲಿ ಪಾಠಯೋಜನೆಯ ವಹಿ. ಬಾಗಿಲಲ್ಲಿ ನಿಂತಾಗ ಮೊದಲು ಕಂಡದ್ದು ಮಕ್ಕಳ ಸಂಖ್ಯೆ. ಹಾಜರಿ ಪುಸ್ತಕದಲ್ಲಿ 58 ಹೆಸರು. ಕೋಣೆ ಮೂವತ್ತು ಜನಕ್ಕೆ ಕಟ್ಟಿದ್ದು. ಎರಡನೆಯದಾಗಿ ಕಂಡದ್ದು ಆ ವಯಸ್ಸಿನ ವಿಚಿತ್ರ. ಒಬ್ಬನು ಇನ್ನೂ ಮೂರನೆಯ ತರಗತಿಯ ಕೂಸಿನಂತಿದ್ದನು. ಅವನ ತೊಡೆಗೆ ತೊಡೆ ಹಚ್ಚಿ ಕುಳಿತವನಿಗೆ ಮೀಸೆಯ ನೆರಳು ಮೂಡಿತ್ತು. ಹುಡುಗಿಯರ ಸಾಲಿನಲ್ಲಿ ಒಬ್ಬಳು ತಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬರೆಯುತ್ತಿದ್ದಳು. ಬಾಲ್ಯವು ಇನ್ನೂ ಬಿಟ್ಟಿಲ್ಲ, ತಾರುಣ್ಯವು ಇನ್ನೂ ಹಿಡಿದಿಲ್ಲ. ಅಂಥ ವಯಸ್ಸು ಅದು. ಒಂದು ಒಳ್ಳೆಯ ಮಾತಿಗೆ ಜೀವಕ್ಕೆ ಜೀವ ಕೊಡುವ ವಯಸ್ಸು. ಒಂದು ಅಪಮಾನವನ್ನು ಜನ್ಮವಿಡೀ ನೆನಪಿಡುವ ವಯಸ್ಸು.

ಎಲ್ಲರೂ ಒಮ್ಮೆಲೆ ಎದ್ದು ‘ನಮಸ್ಕಾರ ಗುರುಗಳೇ’ ಎಂದರು. ಆ ದನಿಗೆ ನಾವು ಉಬ್ಬಿಹೋದೆವು. ಗೌರವವು ನಮಗೆ ಸಂದದ್ದೆಂದು ತಿಳಿದೆವು. ಅದು ಆ ಕುರ್ಚಿಗೆ ಸಂದದ್ದೆಂದು ತಿಳಿಯುವದಕ್ಕೆ ಕೆಲವು ದಿನ ಬೇಕಾದವು.

ಪಾಠದ ವಿಷಯವು ಮಣ್ಣಿನ ವಿಧಗಳು. ಹರ್ಬಾರ್ಟನ ಸೋಪಾನಗಳಿಗೆ ಸರಿಯಾಗಿ ಯೋಜನೆಯನ್ನು ಬರೆದು ತಂದಿದ್ದೆವು: ಮೊದಲು ಪೀಠಿಕಾ ಪ್ರಶ್ನೆಗಳು, ಆಮೇಲೆ ನಿರೂಪಣೆ, ಹೋಲಿಕೆ, ಸಾಮಾನ್ಯ ನಿಯಮ, ಕೊನೆಗೆ ಅನ್ವಯ. ಎಡಗಡೆಗೆ ನಮ್ಮ ಪ್ರಶ್ನೆ, ಬಲಗಡೆಗೆ ಮಕ್ಕಳಿಂದ ಬರತಕ್ಕ ಉತ್ತರ. ಕಟ್ಟಕಡೆಯ ಬೆಂಚಿನಲ್ಲಿ ನಮ್ಮ ಮೇಲ್ವಿಚಾರಕರು ಲೇಖಣಿ ಬಿಚ್ಚಿ ಕುಳಿತಿದ್ದರು. ನಮ್ಮ ಕಣ್ಣು ಮಕ್ಕಳ ಮೇಲಿತ್ತು. ಚಿತ್ತವೆಲ್ಲ ಆ ಲೇಖಣಿಯ ಮೇಲಿತ್ತು.

‘ನಿಮ್ಮ ಊರಿನಲ್ಲಿ ಯಾವ ಯಾವ ವಿಧದ ಮಣ್ಣುಗಳಿವೆ?’ ಎಂದು ಕೇಳಿದೆವು.

ಮೂರನೆಯ ಸಾಲಿನ ಒಬ್ಬ ಹುಡುಗನು ಬುಗ್ಗೆಯಂತೆ ಎದ್ದನು. ‘ಎರಿ ಐತ್ರಿ, ಮಸಾರಿ ಐತ್ರಿ. ಎರ್ಯಾಗ ಹಿಂಗಾರಿ ಜ್ವಾಳ ಬಿತ್ತತಾರ್ರಿ, ಮಸಾರ್ಯಾಗ ಶೇಂಗಾ ಹಾಕ್ತಾರ್ರಿ’ ಎಂದು ಒಂದೇ ಉಸಿರಿಗೆ ಹೇಳಿದನು.

ನಮ್ಮ ವಹಿಯ ಬಲಗಡೆಗೆ ಬರೆದಿದ್ದ ಉತ್ತರ ‘ಕಪ್ಪು ಮಣ್ಣು, ಕೆಂಪು ಮಣ್ಣು’ ಎಂದು. ‘ತಪ್ಪು, ಶುದ್ಧವಾದ ಭಾಷೆಯಲ್ಲಿ ಹೇಳು’ ಎಂದೆವು. ಹುಡುಗನು ಅತ್ತಿತ್ತ ನೋಡಿದನು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಮೊದಲ ಬೆಂಚಿನ ಮತ್ತೊಬ್ಬನು ಪುಸ್ತಕದಲ್ಲಿದ್ದ ಮಾತನ್ನೇ ಒಪ್ಪಿಸಿದನು. ‘ಶಾಬಾಸ್’ ಎಂದೆವು. ಎರೆ-ಮಸಾರಿ ಎಂದವನು ತಾನಾಗಿಯೇ ಕುಳಿತುಕೊಂಡನು. ಅವನಿಗೆ ಕೂಡ್ರೆಂದು ಹೇಳಿದ ನೆನಪು ನಮಗಿಲ್ಲ.

ಅಲ್ಲಿಂದ ಮುಂದೆ ತರಗತಿಯಲ್ಲಿ ಗೋಡೆಯ ಮೇಲಿನ ಹಲ್ಲಿಯ ಲೊಚಗುಟ್ಟುವಿಕೆ ಕೇಳುವಷ್ಟು ಶಾಂತಿ. ಉತ್ತರ ಹೇಳಿದವರು ಮೂವರೇ, ಅವರೂ ಮೊದಲ ಬೆಂಚಿನವರೇ. ‘ಕಪ್ಪು ಮಣ್ಣಿಗೆ ಜಲಧಾರಣ ಸಾಮರ್ಥ್ಯವು ಅಧಿಕ’ ಎಂದು ಬರೆಯಿಸಿದೆವು. ಎಲ್ಲರೂ ತಲೆ ಬಾಗಿಸಿ ಬರೆದುಕೊಂಡರು. ಗಂಟೆ ಬಾರಿಸುವದಕ್ಕೂ ನಮ್ಮ ಪಾಠ ಮುಗಿಯುವದಕ್ಕೂ ಸರಿಹೋಯಿತು. ಮೇಲ್ವಿಚಾರಕರು ‘ಶಿಸ್ತು ಉತ್ತಮ, ಸೋಪಾನಗಳು ಕ್ರಮಬದ್ಧ’ ಎಂದು ಬರೆದುಕೊಟ್ಟರು. ಅಂದು ಮಧ್ಯಾಹ್ನದ ಊಟ ನಮಗೆ ಬಹಳ ರುಚಿಯಾಯಿತು.

ಸಂಜೆ ಶಾಲೆ ಬಿಟ್ಟ ಮೇಲೆ ಮುಖ್ಯೋಪಾಧ್ಯಾಯರು ನಮ್ಮನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡರು. ನಿವೃತ್ತಿಗೆ ಹತ್ತಿರ ಬಂದ ಹಿರಿಯರು. ‘ತಮ್ಮಾ, ಬಾಗಲದಾಗ ನಿಂತು ನಿಮ್ಮ ಪಾಠ ಕೇಳಿದೆ. ಛಲೋ ಹೇಳಿದ್ರಿ. ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ತಂದಿಯವರದು ಹೊಲ ಐತೆನು?’

‘ಐತ್ರಿ, ನಾಕೆಕರೆ’ ಎಂದೆವು.

‘ಅದು ಯಾವ ಮಣ್ಣು?’

‘ಎರಿ’ ಎಂದು ನಮ್ಮ ಬಾಯಿಂದ ತಾನೇ ಬಂದಿತು.

‘ಹಂಗಾರ ಆ ಹುಡುಗಂದು ಏನು ತಪ್ಪಾತು?’ ಎಂದು ಅವರು ಎದ್ದು ಒಳಗೆ ಹೋದರು.

ಬಂಧುಗಳೇ, ನಾವು ಬೇರೊಂದು ಸೀಮೆಯಿಂದ ಹೋದವರಾಗಿದ್ದರೆ ಆ ಮಾತುಗಳು ತಿಳಿಯಲಿಲ್ಲವೆಂದು ಹೇಳಿ ಪಾರಾಗಬಹುದಾಗಿತ್ತು. ಆ ನೆವವೂ ನಮಗಿರಲಿಲ್ಲ. ಆ ಎರೆಯ ಧೂಳಿನಲ್ಲಿಯೇ ಆಡಿ ಬೆಳೆದವರು ನಾವು. ಎರಿ, ಮಸಾರಿ ಎಂಬ ಮಾತುಗಳನ್ನು ತಾಯಿಯ ಬಾಯಿಂದ ಕಲಿತವರು. ಹಾಗಿದ್ದೂ ಅವು ತಪ್ಪೆಂದು ಹೇಳುವ ಬುದ್ಧಿ ಎಲ್ಲಿಂದ ಬಂದಿತು? ಆ ರಾತ್ರಿ ಯೋಚಿಸಿ ನೋಡಲಾಗಿ, ನಾವು ಐದನೆಯ ತರಗತಿಯಲ್ಲಿದ್ದಾಗ ನಮಗೂ ಒಬ್ಬರು ಹಾಗೆಯೇ ಹೇಳಿದ್ದು ನೆನಪಿಗೆ ಬಂದಿತು. ಮರೆತೇಹೋಗಿದೆಯೆಂದು ತಿಳಿದಿದ್ದೆವು, ಅದು ಮರೆತಿರಲಿಲ್ಲ, ಸಮಯ ಕಾದುಕೊಂಡಿತ್ತು. ಹೊಸ ಶಿಕ್ಷಕನು ತರಗತಿಗೆ ಒಬ್ಬನೇ ಹೋಗುವದಿಲ್ಲ. ತನಗೆ ಕಲಿಸಿದ ಎಲ್ಲ ಮಾಸ್ತರರನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾನೆ. ಅವರಲ್ಲಿ ಯಾರನ್ನು ಒಳಗೆ ಕರೆಯಬೇಕು, ಯಾರನ್ನು ಬಾಗಿಲಲ್ಲಿಯೇ ನಿಲ್ಲಿಸಬೇಕೆಂಬದನ್ನು ಅರಿಯುವದೇ ನಿಜವಾದ ತರಬೇತಿ.

ಮರುದಿನ ಆ ಹುಡುಗನು ಕೈಯೆತ್ತಲಿಲ್ಲ. ಅದರ ಮರುದಿನವೂ ಇಲ್ಲ. ಆಮೇಲೆ ಮೂರು ದಿನ ಶಾಲೆಗೇ ಬರಲಿಲ್ಲ. ನಾಲ್ಕನೆಯ ದಿನ ಸಂಜೆ ನಾವು ಅವನ ಹೊಲವನ್ನು ಕೇಳಿಕೊಂಡು ಹೋದೆವು. ಹಿಂಗಾರಿ ಬಿತ್ತನೆಯ ಕಾಲ, ಕೂರಿಗೆ ನಡೆದಿತ್ತು. ಅವನ ತಂದೆ ಬಿತ್ತನೆಗಾಗಿಯೇ ಅವನನ್ನು ನಿಲ್ಲಿಸಿಕೊಂಡಿದ್ದನೆಂದು ಹೇಳಿದನು. ನಮ್ಮ ಮನಸ್ಸಿಗೆ ಸ್ವಲ್ಪ ಹಗುರಾಯಿತು. ಆದರೆ ಹುಡುಗನು ನಮ್ಮನ್ನು ಕಂಡು ಎತ್ತಿನ ಮರೆಗೆ ಸರಿದದ್ದನ್ನು ನೋಡಿ ಮತ್ತೆ ಭಾರವಾಯಿತು.

ಅವನ ಹತ್ತಿರ ಹೋಗಿ, ಮನೆಯ ಮಾತಿನಲ್ಲಿಯೇ ಕೇಳಿದೆವು: ‘ಮಳಿ ಮುಗೀತ ಬಂತಲ್ಲಪ್ಪ, ಈಗ ಜ್ವಾಳ ಬಿತ್ತಿದರ ನೀರೆಲ್ಲಿಂದ ಬರತೈತಿ?’

ಅವನು ಕಾಲಿನಿಂದ ಒಂದು ಹೆಂಟೆಯನ್ನು ಹೊರಳಿಸಿ ಹೇಳಿದನು: ‘ಎರಿ ಹಸಿ ಹಿಡದಿಡತೈತ್ರಿ. ಮಳಿ ಹ್ವಾದ ಮ್ಯಾಲೂ ಬೆಳಿ ಅದನ್ನ ಕುಡಕೋಂತ ಬರತೈತ್ರಿ. ಮಸಾರಿ ಲಗೂನ ಆರತೈತ್ರಿ.’

‘ಜಲಧಾರಣ ಸಾಮರ್ಥ್ಯ’ವೆಂದು ನಾವು ಬರೆಯಿಸಿ, 58 ವಹಿಗಳಲ್ಲಿ ಬರೆದುಕೊಂಡು, ಒಬ್ಬರಿಗೂ ಅರ್ಥವಾಗದೆ ಹೋಗಿದ್ದ ಮಾತು ಇದೇ. ಅದು ಆ ಹುಡುಗನಿಗೆ ಮೊದಲೇ ತಿಳಿದಿತ್ತು. ಅವನು ಹೇಳಬಂದಾಗ ನಾವೇ ಬಾಯಿ ಮುಚ್ಚಿಸಿದ್ದೆವು.

‘ನಾಳೆ ಎರಡೂ ಮಣ್ಣು ತಂದು ಎಲ್ಲಾರಿಗೂ ತೋರಸ್ತೀಯೇನಪ್ಪ?’ ಎಂದೆವು. ಅವನು ತಂದೆಯ ಮುಖ ನೋಡಿದನು. ‘ಹೂಂ ಅನ್ನಲೇ, ಗುರುಗಳು ಕೇಳಾಕತ್ತಾರ’ ಎಂದು ತಂದೆ ಗದರಿಸಿದನು.

ಮರುದಿನ ಎರಡು ಚೀಲ ಮಣ್ಣು ಬಂದಿತು. ತಳಕ್ಕೆ ತೂತು ಹಾಕಿದ ಎರಡು ಡಬ್ಬಿಗಳಲ್ಲಿ ಒಣಗಿದ ಎರೆಯ ಪುಡಿಯನ್ನೂ ಮಸಾರಿಯನ್ನೂ ಸಮನಾಗಿ ತುಂಬಿ, ಎರಡಕ್ಕೂ ಒಂದೊಂದು ಲೋಟ ನೀರು ಹಾಕಿದೆವು. ಮಸಾರಿಯ ಡಬ್ಬಿಯಿಂದ ನೀರು ಬೇಗನೆ ತೊಟ್ಟಿಕ್ಕತೊಡಗಿತು. ಎರೆಯು ನೀರನ್ನು ಹೀರಿ, ಉಬ್ಬಿ, ಹಿಡಿದುಕೊಂಡು ಕುಳಿತಿತು. ಎರೆಯ ಕಣಗಳು ಅತಿ ಸೂಕ್ಷ್ಮವಾದ ಜೇಡಿಯ ಕಣಗಳು. ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಯ ಹೊಲ ಬಾಯಿಬಿಡುವದಕ್ಕೂ ಅದೇ ಕಾರಣ. ಮಸಾರಿಯ ಕಣ ದೊಡ್ಡದು, ನೀರಿಗೆ ದಾರಿ ಬಿಡುತ್ತದೆ. ಅದರ ಕೆಂಪು ಬಣ್ಣವು ಕಬ್ಬಿಣದ ಅಂಶದಿಂದ ಬಂದದ್ದು. ಇದನ್ನು ಹೇಳುವದಕ್ಕೆ ನಮಗೆ ಐದು ನಿಮಿಷ ಸಾಕಾಯಿತು. ಉಳಿದ ಹೊತ್ತೆಲ್ಲ ಮಕ್ಕಳೇ ಮಾತನಾಡಿದರು.

ಹಲಗೆಯ ಮೇಲೆ ಎರಡು ಸಾಲು ಎಳೆದೆವು. ಒಂದು ಕಡೆಗೆ ‘ಎರಿ’, ಎದುರಿಗೆ ‘ಕಪ್ಪು ಮಣ್ಣು’; ಒಂದು ಕಡೆಗೆ ‘ಹಸಿ ಹಿಡಿಯುವದು’, ಎದುರಿಗೆ ‘ಜಲಧಾರಣ’. ಆಗ ಹುಡುಗಿಯರ ಸಾಲಿನ ತುದಿಯಿಂದ, ತೊಡೆಯ ಮೇಲೆ ತಮ್ಮನನ್ನು ಮಲಗಿಸಿಕೊಂಡವಳು, ತಾಂಡಾದ ಹುಡುಗಿ, ತನ್ನ ಮನೆಯ ಲಂಬಾಣಿ ಮಾತಿನಲ್ಲಿ ಮಣ್ಣಿಗೆ ಇರುವ ಹೆಸರನ್ನು ಮೆಲ್ಲನೆ ಹೇಳಿದಳು. ಮೂರನೆಯ ಸಾಲು ಎಳೆದು ಅದನ್ನೂ ಬರೆದೆವು. ಅವಳ ದನಿಯನ್ನು ನಾವು ಕೇಳಿದ್ದು ಅದೇ ಮೊದಲು. ಅವಳಿಗೆ ಪುಸ್ತಕದ ಕನ್ನಡವಷ್ಟೇ ಅಲ್ಲ, ಊರಿನ ಕನ್ನಡವೂ ಶಾಲೆಗೆ ಬಂದು ಕಲಿತ ಭಾಷೆಯೆಂಬದು ಅಲ್ಲಿಯ ತನಕ ನಮ್ಮ ಲಕ್ಷ್ಯಕ್ಕೇ ಬಂದಿರಲಿಲ್ಲ.

ಅಂದಿನ ಪಾಠಕ್ಕೆ ಮೇಲ್ವಿಚಾರಕರು ಬರೆದುಕೊಟ್ಟದ್ದು ಇಷ್ಟು: ‘ಗದ್ದಲ ಹೆಚ್ಚು. ಸಮಯಪಾಲನೆ ಇಲ್ಲ. ಅನ್ವಯದ ಸೋಪಾನ ಉಳಿಯಿತು.’ ಅವರನ್ನು ನಾವು ದೂರುವದಿಲ್ಲ; ಅವರ ಕೈಯಲ್ಲಿ ಕೊಟ್ಟ ತಖ್ತೆಯಲ್ಲಿ ಮಕ್ಕಳ ಮಾತಿಗೆ ಮನೆಯೇ ಇರಲಿಲ್ಲ. ಆದರೆ ನಿಮಗೆ ಹೇಳುವದು ಇದು: ಶಾಂತಿಗೆಲ್ಲ ಶಿಸ್ತೆಂದು ಹೆಸರಿಡಬೇಡಿರಿ. ಕೇಳಬೇಕೆಂಬ ಆಸೆಯಿಂದ ಬರುವ ಶಾಂತಿ ಬೇರೆ. ಮಾತನಾಡಿದರೆ ಅಪಮಾನವಾದೀತೆಂದು ಬರುವ ಶಾಂತಿ ಬೇರೆ. ಎರಡೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ.

ಇಲ್ಲಿ ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು: ‘ಹಾಗಾದರೆ ಪುಸ್ತಕದ ಕನ್ನಡವು ಬೇಡವೆ? ಒಂದೊಂದು ಹಳ್ಳಿಗೆ ಒಂದೊಂದು ಭಾಷೆಯಲ್ಲಿ ಕಲಿಸುವದೆ?’ ಎಂದು. ಇದು ಸುಮ್ಮನೆ ತಳ್ಳಿಹಾಕುವ ಆಕ್ಷೇಪವಲ್ಲ. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಅವರನ್ನು ಒಂದು ದಾರದಲ್ಲಿ ಪೋಣಿಸಿದ್ದು ಬರೆಹದ ಕನ್ನಡವೇ. 1956ರ ನವೆಂಬರ 1ರಂದು ನಾಡು ಒಂದಾದ ಮೇಲೆ ಬೀದರದ ಹುಡುಗನೂ ಚಾಮರಾಜನಗರದ ಹುಡುಗನೂ ಒಂದೇ ಪುಸ್ತಕವನ್ನು ಓದುವಂತಾದದ್ದು ಸಾಮಾನ್ಯವಾದ ಲಾಭವಲ್ಲ. ಅದನ್ನು ಬಿಡಿರೆಂದು ಯಾವ ವಿವೇಕಿಯೂ ಹೇಳಲಾರನು. ನಾವು ಹೇಳುವದು, ಆ ಕನ್ನಡಕ್ಕೆ ಹೋಗುವ ದಾರಿಯು ಮನೆಯ ಕನ್ನಡದ ಅಂಗಳದಿಂದ ಹಾಯ್ದು ಹೋಗಬೇಕು, ಅದರ ಗೋರಿಯ ಮೇಲಿಂದಲ್ಲ.

ನಮ್ಮ ಹಿರಿಯರು ಏತಕ್ಕಾಗಿ ಹೋರಾಡಿದರೆಂಬದನ್ನು ನೆನಪು ಮಾಡಿಕೊಳ್ಳಿರಿ. 19ನೆಯ ಶತಮಾನದಲ್ಲಿ ಧಾರವಾಡ ಭಾಗದ ಶಾಲೆಗಳಲ್ಲಿ ಮರಾಠಿಯೇ ವಿದ್ಯೆಯ ಭಾಷೆಯೆಂದು ಮೆರೆಯುತ್ತಿದ್ದಾಗ, ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದೇಹ ಸವೆಸಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ನಿಜಾಮನ ಸೀಮೆಯ ಕನ್ನಡ ಮಕ್ಕಳಿಗೆ ಉರ್ದುವಿನಲ್ಲಿ ಕಲಿಯಬೇಕಾದ ಪ್ರಸಂಗವಿತ್ತು. ಆ ದಿನಗಳಲ್ಲಿ ಕನ್ನಡದ ಹುಡುಗನಿಗೆ ಶಾಲೆಯು ಹೇಳುತ್ತಿದ್ದುದು ಒಂದೇ ಮಾತು: ನಿನ್ನ ಮನೆಯ ಮಾತು ವಿದ್ಯೆಗೆ ತಕ್ಕ ಮಾತಲ್ಲ. ಅದೇ ಮಾತನ್ನು 2002ರಲ್ಲಿ, ಕನ್ನಡ ಶಾಲೆಯಲ್ಲಿ, ಕನ್ನಡದ ಶಿಕ್ಷಕರಾಗಿ ನಾವು ಕನ್ನಡದ ಹುಡುಗನಿಗೆ ಹೇಳಿದ್ದೆವು. ಪರಭಾಷೆಯ ಮುಂದೆ ಕನ್ನಡವು ಉಂಡ ಅಪಮಾನವನ್ನು ಪುಸ್ತಕದ ಕನ್ನಡದ ಮುಂದೆ ಹೊಲದ ಕನ್ನಡವು ಉಣ್ಣಬೇಕೆ? ನಾಡಿನ ಗಡಿಗಳನ್ನು ಕೂಡಿಸಿದವರು ತಮ್ಮ ಕೆಲಸವನ್ನು ಮಾಡಿಹೋದರು. ಮನೆಯ ಮಾತನ್ನೂ ಶಾಲೆಯ ಮಾತನ್ನೂ ಕೂಡಿಸುವ ಕೆಲಸವು ನಿಮ್ಮ ಪಾಲಿಗೆ ಉಳಿದಿದೆ.

ವಕೀಲರನ್ನು ಕರೆದ ಮೇಲೆ ಕಾನೂನಿನ ಎರಡು ಮಾತು ಕೇಳದೆ ಬಿಡಲಾಗದು. ನಾವು ಆ ಹುಡುಗನಿಗೆ ‘ತಪ್ಪು’ ಎಂದ 2002ರಲ್ಲಿಯೇ ಸಂವಿಧಾನದ 86ನೆಯ ತಿದ್ದುಪಡಿಯಾಗಿ, 6ರಿಂದ 14 ವರುಷದ ಮಕ್ಕಳ ಶಿಕ್ಷಣವು ಮೂಲಭೂತ ಹಕ್ಕೆಂದು ಗೊತ್ತಾಯಿತು. ಅದರ ಸಲುವಾಗಿ 2009ರಲ್ಲಿ ಆದ ಅಧಿನಿಯಮವು 2010ರ ಏಪ್ರಿಲ 1ರಿಂದ ಜಾರಿಗೆ ಬಂದಿತು. ಅದರ 17ನೆಯ ಕಲಮು ದೇಹದಂಡನೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 29ನೆಯ ಕಲಮು, ಸಾಧ್ಯವಿದ್ದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂದೂ, ಮಗುವು ಭಯವಿಲ್ಲದೆ ತನ್ನ ಅಭಿಪ್ರಾಯವನ್ನು ಹೇಳುವಂತಾಗಬೇಕೆಂದೂ ಹೇಳುತ್ತದೆ. ಆರರಿಂದ ಎಂಟನೆಯ ತರಗತಿಯ ವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇರಬೇಕೆಂದು ಅದರ ಅನುಸೂಚಿಯಲ್ಲಿದೆ. ಇವೆಲ್ಲ ಒಳ್ಳೆಯ ಮಾತುಗಳು. ಆದರೆ ಕಾಯಿದೆಯು ‘ಮಾತೃಭಾಷೆ’ ಎಂದು ಬರೆಯಬಲ್ಲದೇ ಹೊರತು, ಆ ಮಾತೆಯ ಬಾಯಲ್ಲಿ ಅದು ಹೇಗಿದೆಯೆಂಬದನ್ನು ಕೇಳುವ ಕಿವಿಯನ್ನು ಕೊಡಲಾರದು. ಆ ಕಿವಿ ಶಿಕ್ಷಕನದೇ ಆಗಬೇಕು.

ನಮ್ಮ ಈಗಿನ ವೃತ್ತಿಯಲ್ಲಿಯೂ ಆ ಪಾಠವೇ ನಮ್ಮನ್ನು ಕಾಯ್ದಿದೆ. ಹೊಲದ ತಂಟೆಯಲ್ಲಿ ಸಾಕ್ಷಿ ಹೇಳಲು ಬಂದ ರೈತನು ‘ಎರಿ’ ಎಂದರೆ ಆ ಮಾತನ್ನೇ ಬರೆಯಿಸಿಕೊಳ್ಳಬೇಕೆಂದು ಹಟ ಹಿಡಿಯುತ್ತೇವೆ. ಅದನ್ನು ತಿದ್ದಿ ನಯಗೊಳಿಸಿದರೆ, ಪಾಟೀಸವಾಲಿನಲ್ಲಿ ಅವನು ತನ್ನ ಮಾತನ್ನೇ ಗುರುತಿಸದೆ ತಬ್ಬಿಬ್ಬಾಗುವದನ್ನು ಕಣ್ಣಾರೆ ಕಂಡಿದ್ದೇವೆ. ಸತ್ಯವು ಅನೇಕ ವೇಳೆ ಮನುಷ್ಯನ ಮೊದಲ ಮಾತಿನಲ್ಲಿಯೇ ಇರುತ್ತದೆ.

ಇನ್ನು ಮುಗಿಸುವೆವು. ಆ ಹುಡುಗನು ಮುಂದೆ ಏನಾದನೆಂದು ನೀವು ಕೇಳಬಹುದು. ಆ ಊರಿನಲ್ಲಿ ಶಾಲೆಯು ಏಳನೆಯ ತರಗತಿಗೆ ಮುಗಿಯುತ್ತಿತ್ತು. ಎಂಟಕ್ಕೆ ಪಕ್ಕದ ದೊಡ್ಡ ಊರಿಗೆ ನಡೆದು ಹೋಗಬೇಕು. ಮರುವರುಷ ಮುಖ್ಯೋಪಾಧ್ಯಾಯರು ನಮಗೊಂದು ಕಾಗದ ಬರೆದರು. ಹುಡುಗನು ಹೈಸ್ಕೂಲಿಗೆ ಸೇರಿದ್ದನು. ತಾಂಡಾದ ಹುಡುಗಿ ಸೇರಿರಲಿಲ್ಲ.

ಹುಡುಗನ ವಿಷಯದಲ್ಲಿ ನಮ್ಮ ತಪ್ಪನ್ನು ಒಬ್ಬ ಹಿರಿಯರು ವೇಳೆಗೆ ಸರಿಯಾಗಿ ತೋರಿಸಿಕೊಟ್ಟರು, ನಾವು ತಿದ್ದಿಕೊಂಡೆವು. ಆ ಹುಡುಗಿಯ ವಿಷಯದಲ್ಲಿ ತಪ್ಪಾಗಿದೆಯೆಂಬದೇ ನಮಗೆ ತಿಳಿಯಲಿಲ್ಲ. ಏಕೆಂದರೆ ಅವಳು ಎದ್ದು ನಿಂತು ತಪ್ಪು ಉತ್ತರವನ್ನು ಸಹ ಹೇಳಿರಲಿಲ್ಲ. ಅವಳು ಶಾಲೆ ಬಿಟ್ಟದ್ದಕ್ಕೆ ಮನೆಯ ಬಡತನ, ಊರಿನ ದೂರ, ತೊಡೆಯ ಮೇಲಿನ ಕೂಸು ಮೊದಲಾದ ನೂರು ಕಾರಣಗಳಿರಬಹುದು. ಆದರೆ ಒಂದು ದಿನ ಮಾತ್ರ ಕೇಳಿದ ಆ ದನಿ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಬರುವ ವಾರ ನೀವು ತರಗತಿಯ ಬಾಗಿಲಲ್ಲಿ ನಿಂತಾಗ, ಮೊದಲು ಕೈಯೆತ್ತುವವರನ್ನು ನೋಡಿ ಸಂತೋಷಪಡಿರಿ. ಆಮೇಲೆ ಕಡೆಯ ಸಾಲನ್ನು ನೋಡಿರಿ. ಅಲ್ಲಿ ಯಾರು ಇನ್ನೂ ಮಾತನಾಡಿಲ್ಲವೆಂಬದನ್ನು ನಿಮ್ಮ ವಹಿಯಲ್ಲಿ ಬರೆದಿಡಿರಿ. ಬಲಗಡೆಯ ಸಾಲಿನಲ್ಲಿ ಸ್ವಲ್ಪ ಜಾಗವನ್ನು ಬರಿದಾಗಿಯೇ ಬಿಡಿರಿ. ನೀವು ನಿರೀಕ್ಷಿಸದ ಉತ್ತರಗಳಿಗೆ ಅದು ಬೇಕಾಗುತ್ತದೆ.